ಪ್ರೊಸೆಸರ್ ಹೊರೆ, ಮನೆಯ ಕಂಪ್ಯೂಟರಿನಲ್ಲಿ

ಯಾರೂ ಕೆಲಸ ಮಾಡದಿದ್ದಾಗಲೂ ಕಂಪ್ಯೂಟರಿನ ಪ್ರೊಸೆಸರ್ ಬಿಡುವಿಲ್ಲದೆ ದುಡಿಯುತ್ತಿರುವ ಸ್ಥಿತಿ. ಸುಮ್ಮನೆ ತೆರೆದಿಟ್ಟ ಆರೋಗ್ಯವಂತ ಯಂತ್ರದಲ್ಲಿ ಪ್ರೊಸೆಸರ್ ಬಳಕೆ ಸಾಮಾನ್ಯವಾಗಿ ಶೇ. 10ರೊಳಗೆ ಇರುತ್ತದೆ. ಅದು ಗಂಟೆಗಟ್ಟಲೆ ಶೇ. 80ರ ಮೇಲೆಯೇ ನಿಂತು, ಫ್ಯಾನ್ ಭರ್ರೆಂದು ತಿರುಗುತ್ತ, ಮೌಸಿನ ಬಾಣ ತಡವರಿಸುತ್ತಿದ್ದರೆ ಕಾರಣ ಹುಡುಕಬೇಕಾಗುತ್ತದೆ.

ಮೊದಲ ತೊಡಕು ಹೆಸರಿನದು. ಪುಸ್ತಕದಲ್ಲಿ ಸಿಪಿಯು ಎಂದರೆ ಮದರ್‌ಬೋರ್ಡಿನ ಮೇಲೆ ಕುಳಿತ ಅಂಗೈಯಗಲಕ್ಕೂ ಕಡಿಮೆಯ ಚಿಪ್ಪು. ಬೆಳಗಾವಿ ಜಿಲ್ಲೆಯ ಮುರಗೋಡದಂಥ ಊರುಗಳ ಆಡುಮಾತಿನಲ್ಲಿ ಸಿಪಿಯು ಎಂದರೆ ಮೇಜಿನ ಕೆಳಗಿನ ಇಡೀ ಡಬ್ಬಿ. ‘ಸಿಪಿಯು ಭಾಳ ಕಾಯಾಕತ್ತೇತ್ರಿ’ ಎಂದು ರಿಪೇರಿಯವರ ಮುಂದೆ ಹೇಳಿದರೆ ಬಿಸಿಯಾದದ್ದು ಪ್ರೊಸೆಸರೋ, ಪವರ್ ಸಪ್ಲೈಯೋ, ಹಾರ್ಡ್‌ಡಿಸ್ಕೋ ಎಂಬುದು ತಿಳಿಯುವುದಿಲ್ಲ. ಈ ಲೇಖನದಲ್ಲಿ ಪ್ರೊಸೆಸರ್ ಎಂದರೆ ಚಿಪ್ಪು ಮಾತ್ರ.

ಶೇಕಡಾವಾರಿನ ಅರ್ಥ. ಟಾಸ್ಕ್ ಮ್ಯಾನೇಜರ್ ತೋರಿಸುವ ಅಂಕಿ ವೇಗದ ಅಳತೆಯಲ್ಲ. ಕಳೆದ ಒಂದೆರಡು ಸೆಕೆಂಡುಗಳಲ್ಲಿ ಪ್ರೊಸೆಸರ್ ಎಷ್ಟು ಹೊತ್ತು ಕೈಖಾಲಿ ಇರಲಿಲ್ಲ ಎಂಬ ಲೆಕ್ಕ ಅದು. ಕೈಖಾಲಿ ಹೊತ್ತಿಗೂ ವಿಂಡೋಸ್ ಒಂದು ಹೆಸರಿಟ್ಟಿದೆ: ಸಿಸ್ಟಮ್ ಐಡಲ್ ಪ್ರೊಸೆಸ್. ವಿವರಗಳ ಪಟ್ಟಿಯಲ್ಲಿ ಅದರ ಮುಂದೆ 97 ಎಂದಿರುವುದನ್ನು ಕಂಡು ಕಳ್ಳ ಸಿಕ್ಕನೆಂದು ಮುಚ್ಚಲು ಹೊರಡುವವರು ಇಂದಿಗೂ ಇದ್ದಾರೆ. ಅಲ್ಲಿ 97 ಇದ್ದರೆ ಯಂತ್ರ ನಿರಾಳವಾಗಿದೆ ಎಂದೇ ಅರ್ಥ.

ಇದಕ್ಕೆ ತಿರುಗುಮುರುಗಾದ ಮೋಸವೂ ಉಂಟು. ನಾಲ್ಕು ಕೋರಿನ ಪ್ರೊಸೆಸರಿನಲ್ಲಿ ಒಂದು ಪ್ರೋಗ್ರಾಂ ಕೊನೆಯಿಲ್ಲದ ಸುತ್ತಿಗೆ ಸಿಕ್ಕು ಒಂದು ಕೋರನ್ನು ಪೂರ್ತಿ ನುಂಗಿದರೂ ಪರದೆಯ ಮೇಲೆ ಕಾಣುವುದು ಶೇ. 25 ಮಾತ್ರ, ಎಂಟು ಎಳೆಗಳ (ಥ್ರೆಡ್) ಪ್ರೊಸೆಸರಿನಲ್ಲಾದರೆ 12–13. ಅಂಕಿ ಚಿಕ್ಕದೆಂದು ಬಿಡುವಂತಿಲ್ಲ. ಅದು ಕದಲದೆ ಅಷ್ಟರಲ್ಲೇ ನಿಂತಿದೆಯೇ ಎಂಬುದೇ ಮುಖ್ಯ.

ಪತ್ತೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 1996ರ ವಿಂಡೋಸ್ ಎನ್‌ಟಿ 4.0ರಿಂದಲೂ ಈ ಸಲಕರಣೆ ಇದೆ. ಸಿಪಿಯು ಕಾಲಮ್ಮಿನ ತಲೆಯನ್ನು ಒತ್ತಿದರೆ ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ. ತೆರೆದ ಕೂಡಲೇ ಅಂಕಿ ಒಮ್ಮೆ ಜಿಗಿಯುವುದು ಸಹಜ. ಒಂದೆರಡು ನಿಮಿಷ ಕಾದು ನೋಡಬೇಕು. ಇನ್ನೂ ಆಳಕ್ಕೆ ಇಳಿಯುವವರಿಗೆ ಮಾರ್ಕ್ ರುಸಿನೋವಿಚ್ ಅವರ ಪ್ರೊಸೆಸ್ ಎಕ್ಸ್‌ಪ್ಲೋರರ್ ಉಚಿತವಾಗಿ ದೊರೆಯುತ್ತದೆ. ಲಿನಕ್ಸಿನಲ್ಲಿ ಟಾಪ್ ಎಂಬ ಆಜ್ಞೆ ಇದೇ ಕೆಲಸ ಮಾಡುತ್ತದೆ.

ಬಾಕಿ ಕೆಲಸ. ಹಳ್ಳಿಮನೆಯ ಕಂಪ್ಯೂಟರಿನ ದೂರುಗಳಲ್ಲಿ ಹಲವು ದೋಷವೇ ಅಲ್ಲ. ಮಕ್ಕಳ ಅರ್ಜಿ ತುಂಬಲೆಂದೋ ಮದುವೆಯ ಫೋಟೋ ನೋಡಲೆಂದೋ ಹದಿನೈದು ದಿನಕ್ಕೊಮ್ಮೆ ತೆರೆಯುವ ಲ್ಯಾಪ್‌ಟಾಪು, ಮೊಬೈಲಿನ ಹಾಟ್‌ಸ್ಪಾಟ್ ಸಿಕ್ಕ ಕೂಡಲೇ ಅಷ್ಟೂ ದಿನಗಳ ಬಾಕಿಯನ್ನು ತೀರಿಸಲು ಕೂರುತ್ತದೆ: ಅಪ್‌ಡೇಟ್ ಇಳಿಸಿ ಜೋಡಿಸುವುದು, ವೈರಸ್ ತಪಾಸಣೆ, ಕಡತಗಳ ಸೂಚಿ ಕಟ್ಟುವುದು. ಪಟ್ಟಿಯ ತುದಿಯಲ್ಲಿ ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಎಂದಿದ್ದರೆ ಅದು ವಿಂಡೋಸಿನದೇ ಕಾವಲುಗಾರ. ಸ್ಲೋ ಆಯಿತೆಂದು ಮನೆಯವರು ನಡುವೆಯೇ ಆರಿಸುತ್ತಾರೆ. ಬಾಕಿ ಹಾಗೇ ಉಳಿದು ಮುಂದಿನ ಸಲ ಮತ್ತೆ ಅದೇ ಗೋಳು. ಚಾರ್ಜರ್ ಸಿಕ್ಕಿಸಿ ನೆಟ್ ಕೊಟ್ಟು ಎರಡು ತಾಸು ಮುಟ್ಟದೆ ಬಿಡುವುದೇ ಇದಕ್ಕೆ ಮದ್ದು.

ತಪ್ಪು ನಿಜಕ್ಕೂ ವಿಂಡೋಸಿನದೇ ಆಗಿದ್ದ ಪ್ರಸಂಗವೂ ಇದೆ. 2015–16ರ ಸುಮಾರಿಗೆ ವಿಂಡೋಸ್ 7ರ ಅಪ್‌ಡೇಟ್ ಸೇವೆ, ಯಾವ ತೇಪೆ ಯಾವುದರ ಬದಲಿಗೆ ಬಂದದ್ದು ಎಂಬ ಲೆಕ್ಕದಲ್ಲೇ ಗಂಟೆಗಟ್ಟಲೆ ಒಂದು ಕೋರನ್ನು ಹಿಡಿದಿಡುತ್ತಿತ್ತು. ಮುಂದೆ ಬಂದ ತೇಪೆಗಳೇ ಅದನ್ನು ಸರಿಪಡಿಸಿದವು.

ಕಳ್ಳ ಕೆಲಸ. ಪುಕ್ಕಟೆ ಸಿಕ್ಕ ‘ಕ್ರ್ಯಾಕ್’ ಪ್ರೋಗ್ರಾಂ, ಝೆರಾಕ್ಸ್ ಅಂಗಡಿಯಿಂದ ಮರಳಿದ ಪೆನ್‌ಡ್ರೈವ್ ಇವು ವೈರಸ್ ಒಳಬರುವ ಹಳೆಯ ದಾರಿಗಳು. ಕ್ರಿಪ್ಟೋ ಹಣ ಬಂದ ಮೇಲೆ ಪರರ ಪ್ರೊಸೆಸರಿನಲ್ಲಿ ತನ್ನ ನಾಣ್ಯ ಅಗೆಯುವ ಪ್ರೋಗ್ರಾಂಗಳು ಹುಟ್ಟಿದವು. 2017ರಿಂದ 2019ರವರೆಗೆ ನಡೆದ ಕಾಯಿನ್‌ಹೈವ್ ಎಂಬ ಸೇವೆ ಬ್ರೌಸರಿನ ಒಂದು ಪುಟದೊಳಗಿಂದಲೇ ಈ ಅಗೆತ ನಡೆಸುತ್ತಿತ್ತು. ಪುಟ ಮುಚ್ಚಿದರೆ ಹೊರೆಯೂ ಇಳಿಯುತ್ತಿತ್ತು. ಕೆಲವು ಅಗೆತಗಾರರು ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಅಡಗಿ, ಮುಚ್ಚಿದ ಮೇಲೆ ಮತ್ತೆ ಶುರು ಮಾಡುತ್ತಾರೆ. ಫ್ಯಾನಿನ ಸದ್ದು ಆಗ ಅಂಕಿಗಿಂತ ನಂಬಿಗಸ್ಥ ಸಾಕ್ಷಿ. ಎರಡೆರಡು ಆಂಟಿವೈರಸ್ ಹಾಕುವುದು ಪರಿಹಾರವಲ್ಲ. ಅವು ಒಂದರ ಬೆನ್ನು ಒಂದು ತಪಾಸಿಸುತ್ತ ತಾವೇ ಹೊರೆಯಾಗುತ್ತವೆ.

ಬಿಸಿ ಮತ್ತು ಧೂಳು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆ ಎರಿಭೂಮಿ ಬಹಳ. ಹೊಲ ಒಣಗಿದ ಮೇಲೆ, ಜೋಳದ ರಾಶಿಯ ಹೊತ್ತಿನಲ್ಲಿ, ನುಣ್ಣನೆಯ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಅದು ಪ್ರೊಸೆಸರಿನ ಮೇಲಿನ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕುಳಿತು ಗಾಳಿ ಕಟ್ಟುತ್ತದೆ. ಒಳಗಿನ ಶಾಖ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದಾಗ ಬಹುಪಾಲು ಪ್ರೊಸೆಸರುಗಳು ಜೀವ ಉಳಿಸಿಕೊಳ್ಳಲು ವೇಗ ತಗ್ಗಿಸುತ್ತವೆ. ಅರ್ಧ ವೇಗದಲ್ಲಿ ಅದೇ ಕೆಲಸಕ್ಕೆ ಇಮ್ಮಡಿ ಹೊತ್ತು ಬೇಕು. ಹಾಗಾಗಿ ಕೆಲಸ ಹೆಚ್ಚದಿದ್ದರೂ ಶೇಕಡಾವಾರು ಏರುತ್ತದೆ. ಬೇಸಗೆಯಲ್ಲಿ ಮಾತ್ರ ಕಾಡುವ ಹೊರೆಗೆ ಸಾಫ್ಟ್‌ವೇರಿನಲ್ಲಿ ಕಾರಣ ಹುಡುಕುವುದು ವ್ಯರ್ಥ.

ಯಂತ್ರ ಆರಿಸಿ, ವಯರ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರಿನಿಂದ ಧೂಳು ಊದಿಸಬೇಕು. ವರ್ಷಗಳು ಕಳೆದಿದ್ದರೆ ಚಿಪ್ಪು ಮತ್ತು ಹೀಟ್‌ಸಿಂಕಿನ ನಡುವಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹಳೆಯದನ್ನು ಒರೆಸಿ ಹೊಸದನ್ನು ಕಡಲೆಕಾಳಿನಷ್ಟು ಹಾಕಿದರೆ ಸಾಕು. ಲ್ಯಾಪ್‌ಟಾಪನ್ನು ಕೌದಿಯ ಮೇಲೆ ಇಟ್ಟುಕೊಂಡು ಸಿನಿಮಾ ನೋಡಿದರೆ ಗಾಳಿ ಎಳೆಯುವ ಕಿಂಡಿಯೇ ಮುಚ್ಚುತ್ತದೆ.

ಯಂತ್ರಾಂಶದ ಕಾಟ. ಸಿಸ್ಟಮ್ ಇಂಟರಪ್ಟ್ಸ್ ಎಂಬ ಸಾಲು ಒಂದೆರಡು ಶೇಕಡಾ ದಾಟಿ ನಿಂತರೆ ಯಾವುದೋ ಸಾಧನ ಅಥವಾ ಅದರ ಡ್ರೈವರ್ ಪ್ರೊಸೆಸರನ್ನು ಪದೇಪದೇ ಕರೆಯುತ್ತಿದೆ ಎಂದರ್ಥ. ಯುಎಸ್‌ಬಿ ಸಾಧನಗಳನ್ನು ಒಂದೊಂದಾಗಿ ಕಿತ್ತು ನೋಡುವುದೇ ಸುಲಭ ಪರೀಕ್ಷೆ. ಇನ್ನು, ಹಾರ್ಡ್‌ಡಿಸ್ಕಿನ ಬಳಕೆ ಶೇ. 100 ಆಗಿರುವುದನ್ನು ಪ್ರೊಸೆಸರಿನ ದೋಷವೆಂದು ತಿಳಿಯುವುದು ಸಾಮಾನ್ಯ. ಅಲ್ಲಿ ಬೇಕಾದದ್ದು ಎಸ್‌ಎಸ್‌ಡಿ ಅಥವಾ ರ‍್ಯಾಮ್, ಹೊಸ ಪ್ರೊಸೆಸರ್ ಅಲ್ಲ.

ಫಾರ್ಮ್ಯಾಟ್. ‘ಫಾರ್ಮ್ಯಾಟ್ ಹೊಡದ್ರ ಆತು’ ಎಂಬುದು ಬಹಳ ಕಡೆ ಮೊದಲ ಸಲಹೆ; ಅದು ಕೊನೆಯದಾಗಿರಬೇಕು. ಧೂಳು ಕಾರಣವಾಗಿದ್ದರೆ ಫಾರ್ಮ್ಯಾಟಿನಿಂದ ಏನೂ ಬದಲಾಗದು, ಬಾಕಿ ಅಪ್‌ಡೇಟ್ ಕಾರಣವಾಗಿದ್ದರೆ ಹೊರೆ ಇನ್ನಷ್ಟು ಹೆಚ್ಚುತ್ತದೆ. ಹೊಡೆಯಲೇಬೇಕಾದರೆ ಕಡತಗಳ ಜೊತೆಗೆ ಫಾಂಟುಗಳನ್ನೂ ನಕಲು ಮಾಡಿಡಬೇಕು. ಯುನಿಕೋಡ್‌ಗಿಂತ ಹಿಂದಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪತ್ರಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತವೆ. ಕಡತ ಕೆಟ್ಟಿತೆಂದು ಅಳಿಸಬಾರದು; ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ.