ಹಳೆಯ ಭತ್ತದ ಕಂಬೈನ್ ಹಾರ್ವೆಸ್ಟರ್‌ನ ಪುನಶ್ಚೇತನ

ತುಂಗಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿ ಭತ್ತದ ಕಟಾವಿಗೆ ಕಂಬೈನ್ ಹಾರ್ವೆಸ್ಟರ್‌ಗಳ ಬಳಕೆ ವ್ಯಾಪಕವಾಗಿದೆ. ಹಳೆಯ ಯಂತ್ರವನ್ನು ದುರಸ್ತಿಗೊಳಿಸುವ ಮುನ್ನ ಅದರ ಚಾಸಿಯನ್ನು ಪರೀಕ್ಷಿಸಬೇಕು. ಚಾಸಿ ಬಿರುಕು ಬಿಟ್ಟಿದ್ದಲ್ಲಿ ಅಥವಾ ಬಿಡಿಭಾಗಗಳು ದೊರೆಯದಿದ್ದಲ್ಲಿ ಹಣ ತೊಡಗಿಸುವುದು ಸೂಕ್ತವಲ್ಲ.

ಸುರಕ್ಷತೆ: ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಬ್ಯಾಟರಿಯ ಸಂಪರ್ಕ ಬಿಡಿಸಿದ ನಂತರವೇ ಕೆಲಸ ಆರಂಭಿಸಬೇಕು. ಮೇಲೆತ್ತಿದ ಕಟಾವು ಭಾಗಕ್ಕೆ ಗಟ್ಟಿಯಾದ ಆಧಾರ ಕೊಡದೆ ಅದರ ಕೆಳಗೆ ಹೋಗಬಾರದು. ಹೈಡ್ರಾಲಿಕ್ ಒತ್ತಡವೊಂದನ್ನೇ ನಂಬುವುದು ಪ್ರಾಣಾಪಾಯಕಾರಿ.

ಶುಚಿಗೊಳಿಸುವಿಕೆ: ಎಂಜಿನ್ ಸುತ್ತಲಿನ ಒಣ ಹುಲ್ಲು, ಹೊಟ್ಟು ಹಾಗೂ ಇಲಿಗೂಡುಗಳನ್ನು ತೆಗೆದುಹಾಕಬೇಕು. ಇಲಿ ಕಡಿದ ವಿದ್ಯುತ್ ತಂತಿಗಳನ್ನು ಬದಲಿಸಬೇಕು. ಇವುಗಳಿಂದ ಗದ್ದೆಯಲ್ಲಿ ಯಂತ್ರಕ್ಕೆ ಬೆಂಕಿ ತಗಲುವ ಸಂಭವವಿದೆ.

ಒಕ್ಕಣೆ ಭಾಗ: ಸವೆದ ಡ್ರಮ್ ಪಟ್ಟಿಗಳನ್ನು ಎದುರುಬದುರಿನ ಜೋಡಿಯಾಗಿ ಬದಲಿಸಬೇಕು. ಒಂದೇ ಬದಿಯಲ್ಲಿ ಬದಲಿಸಿದರೆ ಸಮತೋಲನ ತಪ್ಪಿ ಡ್ರಮ್ ಅದುರುತ್ತದೆ, ಬೇರಿಂಗ್ ಹಾಳಾಗುತ್ತದೆ. ಡ್ರಮ್ ಮತ್ತು ಕಾನ್‌ಕೇವ್ ನಡುವಿನ ಅಂತರವು ಮುಂಭಾಗದಲ್ಲಿ ಹೆಚ್ಚು, ಹಿಂಭಾಗದಲ್ಲಿ ಕಡಿಮೆ ಇರಬೇಕು. ಅಂತರ ತೀರಾ ಕಡಿಮೆಯಾದರೆ ಕಾಳು ಒಡೆಯುತ್ತದೆ. ಹೆಚ್ಚಾದರೆ ತೆನೆಯಲ್ಲೇ ಉಳಿಯುತ್ತದೆ.

ಪರೀಕ್ಷೆ: ಮೊದಲು ಕಡಿಮೆ ವೇಗದಲ್ಲಿ ಖಾಲಿಯಾಗಿ ಓಡಿಸಿ, ನಿಲ್ಲಿಸಿದ ಬಳಿಕ ಬೇರಿಂಗ್‌ಗಳ ಬಿಸಿ ಹಾಗೂ ಬೆಲ್ಟ್‌ಗಳ ಬಿಗಿತವನ್ನು ನೋಡಬೇಕು. ಅನಂತರ ಗದ್ದೆಯಲ್ಲಿ ಸ್ವಲ್ಪ ದೂರ ಕಟಾವು ಮಾಡಿ, ಕಟಾವಿನ ಪೂರ್ಣ ಅಗಲದಲ್ಲಿ ನೆಲಕ್ಕೆ ಬಿದ್ದ ಕಾಳುಗಳನ್ನು ಎಣಿಸಬೇಕು. ಕಟಾವಿಗೆ ಮುನ್ನವೇ ಉದುರಿದ್ದ ಕಾಳುಗಳನ್ನು ಇದರಲ್ಲಿ ಕಳೆಯಬೇಕು. 1000 ಕಾಳಿನ ತೂಕ 25 ಗ್ರಾಂ ಇರುವ ತಳಿಯಲ್ಲಿ, ಚದರ ಮೀಟರಿಗೆ ಸರಾಸರಿ 40 ಕಾಳು ಬಿದ್ದಿದ್ದರೆ ಎಕರೆಗೆ ಸುಮಾರು 4 ಕಿ.ಗ್ರಾಂ. ನಷ್ಟವಾಗುತ್ತಿದೆ ಎಂದು ತಿಳಿಯಬೇಕು.