ಎದ್ದು ಎದ್ದು ಬಿದ್ದ ಯಂತ್ರ

ಗಣಕಯಂತ್ರವನ್ನು ಎಬ್ಬಿಸುವುದಕ್ಕೆ ಇಂಗ್ಲಿಷಿನವರು ‘ಬೂಟ್’ ಮಾಡುವುದೆನ್ನುತ್ತಾರೆ. ಅದು ನಾವು ಕಾಲಿಗೆ ಹಾಕುವ ಬೂಟೇ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲೆತ್ತಿಕೊಳ್ಳುವುದೆಂಬ ವಿನೋದದ ಮಾತು ಈ ಪದದ ಮೂಲ. ಹುಟ್ಟು ಹಾಸ್ಯದ್ದಾದರೂ ಮಾತು ಸಾಚಾ. ಏಳುವ ಆ ಕೆಲವು ಗಳಿಗೆ ಯಂತ್ರಕ್ಕೆ ಬೇರೆ ಆಸರೆಯಿಲ್ಲ. ಉಳಿದ ಕೆಲಸಗಳನ್ನೆಲ್ಲ ಆಳಬೇಕಾದ ಕರ್ನೆಲ್, ಎಂದರೆ ಕಾರ್ಯವ್ಯವಸ್ಥೆಯ ತಿರುಳು, ಇನ್ನೂ ನೆಟ್ಟಗೆ ನಿಂತಿರುವುದಿಲ್ಲ. ಆಗ ಮುಗ್ಗರಿಸಿದರೆ, ಏಕೆ ಮುಗ್ಗರಿಸಿದೆನೆಂದು ಹೇಳಲು ಅದಕ್ಕೆ ಬಾಯಿಯೂ ಇರುವುದಿಲ್ಲ. ಮೇಜಿನ ಮೇಲಿನ ಯಂತ್ರವಾದರೆ ಬಿಚ್ಚಿ ನೋಡಬಹುದು. 2004ರ ಜನವರಿಯಲ್ಲಿ ಹೀಗಾದ ಯಂತ್ರ ಇದ್ದದ್ದು ಮಂಗಳ ಗ್ರಹದ ಮೇಲೆ.

ಅಮೆರಿಕದ ನಾಸಾ ಸಂಸ್ಥೆಯ ‘ಸ್ಪಿರಿಟ್’ ಎಂಬ ಆರು ಗಾಲಿಗಳ ಬಂಡಿ ಆ ತಿಂಗಳ 4ರಂದು ಗೂಸೆವ್ ಕುಳಿಯಲ್ಲಿ ಇಳಿದಿತ್ತು. ‘ಅಡಿರಾಂಡಾಕ್’ ಎಂದು ಹೆಸರಿಟ್ಟ ಬಂಡೆಯೊಂದನ್ನು ಪರೀಕ್ಷಿಸುವ ಸಿದ್ಧತೆ ನಡೆದಿದ್ದಾಗ, 21ರಂದು ಮಾತು ನಿಂತಿತು. ಅಂದು ಆಸ್ಟ್ರೇಲಿಯದ ಕ್ಯಾನ್‌ಬೆರಾ ನಿಲ್ದಾಣದ ಮೇಲೆ ಗುಡುಗುಮಳೆ. ಮೊದಲ ಅನುಮಾನ ಹೋದದ್ದು, ಪಾಪ, ಆ ಮಳೆಯ ಮೇಲೆ. ಆದರೆ ಮಳೆಯ ನಂತರವೂ ಮೌನ ಮುರಿಯಲಿಲ್ಲ. 23ರಂದು ಚೂರುಪಾರು ಮಾಹಿತಿ ಬಂದಾಗ ಅರ್ಥವಾಯಿತು: ಬಂಡಿ ಸತ್ತಿಲ್ಲ, ಏಳುತ್ತಿದೆ, ಪೂರ್ತಿ ಏಳುವ ಮುನ್ನವೇ ಕುಸಿಯುತ್ತಿದೆ, ಮತ್ತೆ ಏಳುತ್ತಿದೆ. 60ಕ್ಕೂ ಹೆಚ್ಚು ಬಾರಿ ಹೀಗಾಗಿತ್ತು. ರಾತ್ರಿ ಮಲಗಬೇಕಾದ ಯಂತ್ರ ಮಲಗದೆ, ಬ್ಯಾಟರಿ ಬರಿದಾಗುತ್ತಿತ್ತು. ಇಲ್ಲಿಂದ ಹೊರಟ ಪ್ರಶ್ನೆ ಅಲ್ಲಿಗೆ ಮುಟ್ಟಲು ಸುಮಾರು 10 ನಿಮಿಷ. ಉತ್ತರಕ್ಕೆ, ಬಂದರೆ, ಇನ್ನೂ ಅಷ್ಟು.

ರೋಗಿಯನ್ನು ಮುಟ್ಟಲಾರದ ವೈದ್ಯ ಮಾಡುವುದೇನು? ಒಂದೊಂದೇ ಆಹಾರವನ್ನು ಬಿಡಿಸಿ ನೋಡುತ್ತಾನೆ. ಬಂಡಿಯ ತಂತ್ರಾಂಶದ ಹೊಣೆ ಹೊತ್ತಿದ್ದ ಗ್ಲೆನ್ ರೀವ್ಸ್ ಮತ್ತು ಸಂಗಡಿಗರು ಮಾಡಿದ್ದೂ ಅದನ್ನೇ. ಅವರ ಸಂಶಯ ಶಾಶ್ವತ ನೆನಪಿನ ಉಗ್ರಾಣವಾದ ಫ್ಲಾಶ್ ಸ್ಮೃತಿಯ ಮೇಲೆ ಬಿತ್ತು. ಅದನ್ನು ಮುಟ್ಟದೆಯೇ ಏಳಬೇಕೆಂದು 24ರಂದು ಆಜ್ಞೆ ಕಳುಹಿಸಿದರು. ಬಂಡಿ ಎದ್ದಿತು, ಎದ್ದು ನಿಂತಿತು.

ಕಾರಣ ವಿಚಿತ್ರವಾಗಿತ್ತು. 2003ರ ಜೂನ್‌ನಲ್ಲಿ ಹೊರಟಂದಿನಿಂದ ಬಂಡಿ ಕಡತಗಳನ್ನು ಕೂಡಿಹಾಕಿಕೊಂಡು ಬಂದಿತ್ತು. ಏಳುವಾಗಲೆಲ್ಲ ಆ ಕಡತಗಳ ಪಟ್ಟಿಯನ್ನು ಕೆಲಸದ ಸ್ಮೃತಿಗೆ ತಂದುಕೊಳ್ಳಬೇಕು. ಕಡತವನ್ನು ಅಳಿಸಿದರೂ ಪಟ್ಟಿಯಲ್ಲಿ ಅದರ ಜಾಗ ಖಾಲಿ ಸಾಲಾಗಿ ಉಳಿಯುತ್ತಿತ್ತು, ಪುಸ್ತಕ ಕಳೆದರೂ ಗ್ರಂಥಾಲಯದ ದಫ್ತರದ ಸಾಲು ಉಳಿಯುವಂತೆ. ಪಟ್ಟಿ ಬೆಳೆಯಿತು, ಅದಕ್ಕೆ ಮೀಸಲಾದ ಜಾಗ ಸಾಲದಾಯಿತು, ಕೆಲಸ ಕೆಟ್ಟಿತು. ಕೆಟ್ಟರೆ ಮತ್ತೆ ಏಳಬೇಕೆಂಬುದು ನಿಯಮ. ಎದ್ದರೆ ಮುಂದಿರುವುದು ಅದೇ ಪಟ್ಟಿ! ಹಳೆಯ ಕಡತಗಳನ್ನು ಗುಡಿಸುವ ಉಪಕ್ರಮವೊಂದನ್ನು ಕೆಲವೇ ದಿನ ಮೊದಲು ಕಳುಹಿಸಲು ತೊಡಗಿದ್ದರು. ಅದರ ಒಂದು ಭಾಗ ತಲುಪಿರಲಿಲ್ಲ. ಇದನ್ನು ಯಂತ್ರದ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಪ್ರತಿಯೊಂದು ಭಾಗವೂ ಹೇಳಿದ್ದನ್ನು ಹೇಳಿದಂತೆಯೇ ಮಾಡಿತ್ತು. ಭೂಮಿಯ ಮೇಲಿನ ಪರೀಕ್ಷೆಗಳಲ್ಲಿ ಅಷ್ಟು ದಿನಗಳ ನೆನಪು ಒಟ್ಟಿಗೆ ಕೂಡಿಬಂದಿರಲಿಲ್ಲ, ಅಷ್ಟೆ.

ಮುಂದೆ ಹಳೆಯ ಕಡತಗಳನ್ನು ಅಳಿಸಿದರು. ಕೊನೆಗೆ ಫ್ಲಾಶ್ ಸ್ಮೃತಿಯನ್ನೇ ತೊಳೆದು ಹೊಸದಾಗಿ ಅಣಿಗೊಳಿಸಿದರು. ಫೆಬ್ರವರಿ 6ರಂದು ಸ್ಪಿರಿಟ್, ಕಾದೇ ಇದ್ದ ಆ ಅಡಿರಾಂಡಾಕ್ ಬಂಡೆಯನ್ನು ಉಜ್ಜಿ ಕೊರೆಯಿತು. ಮಂಗಳದ ಬಂಡೆಯ ಒಳಮೈಯನ್ನು ಮನುಷ್ಯನ ಉಪಕರಣ ತೆರೆದು ನೋಡಿದ್ದು ಅದೇ ಮೊದಲು. 90 ಮಂಗಳದಿನಗಳಿಗೆಂದು ಕಟ್ಟಿದ ಬಂಡಿಯ ಕೊನೆಯ ದನಿ ಭೂಮಿಗೆ ಕೇಳಿದ್ದು 2010ರ ಮಾರ್ಚ್ 22ರಂದು.