ಅಳಿಸಿದ ಮೇಲ್ ಎಲ್ಲಿಂದ ಮರಳಿ ಬರುತ್ತದೆ?

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯಂಥ ಕಡೆಯೂ ಇಂದು ಮನೆಯ ಎಷ್ಟೋ ಮುಖ್ಯ ಕಾಗದಗಳು ಕಾಗದದ ರೂಪದಲ್ಲಿ ಇಲ್ಲ. ವಿಮೆಯ ರಸೀದಿ, ಬ್ಯಾಂಕಿನ ಸ್ಟೇಟ್‌ಮೆಂಟ್, ಮಕ್ಕಳ ಹಾಲ್ ಟಿಕೆಟ್, ವಕೀಲರು ಕಳಿಸಿದ ದಾವೆಯ ಪ್ರತಿ, ಬೆಂಗಳೂರಿನಲ್ಲೋ ದುಬೈನಲ್ಲೋ ಕೆಲಸಕ್ಕಿರುವ ಮಗ ಬರೆದ ನಾಲ್ಕು ಸಾಲು, ಎಲ್ಲವೂ ಮೇಲ್‌ನಲ್ಲೇ ಇರುತ್ತವೆ. ಇವು ಕೈತಪ್ಪಿ ಡಿಲೀಟ್ ಆದಾಗ ಮನೆಯವರು ಮೊದಲು ಹುಡುಕುವುದು ರಿಕವರಿ ಸಾಫ್ಟ್‌ವೇರನ್ನು. ಅದೂ ಆಗದಿದ್ದರೆ ಸಿಪಿಯು ಹೊತ್ತುಕೊಂಡು ಪಟ್ಟಣದ ಕಂಪ್ಯೂಟರ್ ಅಂಗಡಿಗೆ ಹೋಗುತ್ತಾರೆ. ಒಳ್ಳೆಯ ಉಪಕರಣ ಸಿಕ್ಕರೆ ಏನು ಬೇಕಾದರೂ ವಾಪಸ್ ಬರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಈ ವಿದ್ಯೆ ನಲವತ್ತು ವರ್ಷಗಳಲ್ಲಿ ನಡೆದು ಬಂದ ದಾರಿಯನ್ನು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅಳಿದ ಮೇಲ್ ಮರಳಿ ಬಂದಿರುವುದು ಎರಡೇ ಕಾರಣಕ್ಕೆ: ಒಂದೋ ಯಂತ್ರ ಅಳಿಸುವ ಕೆಲಸವನ್ನು ಪೂರ್ತಿ ಮಾಡದೆ ಬಿಟ್ಟಿತ್ತು, ಇಲ್ಲವೇ ಯಾರೋ ಎಲ್ಲೋ ಒಂದು ಪ್ರತಿ ಇಟ್ಟಿದ್ದರು. ಮೊದಲ ಕಾರಣ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿದೆ. ಎರಡನೆಯದು ನಮ್ಮ ಮನೆ ಬಿಟ್ಟು ಕಂಪನಿಗಳ ಕೈ ಸೇರಿದೆ. ಅದನ್ನು ಮತ್ತೆ ಮನೆಗೆ ತಂದುಕೊಳ್ಳಬೇಕು ಎಂಬುದು ಇಲ್ಲಿನ ವಾದ.

ಮೊದಲ ಕಾರಣದ ಚರಿತ್ರೆ ಡಾಸ್ ಕಾಲದಿಂದ ಶುರುವಾಗುತ್ತದೆ. ಆಗಿನ ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲನ್ನು ಅಳಿಸಿದರೆ ಯಂತ್ರ ಮಾಡುತ್ತಿದ್ದುದು ಇಷ್ಟೇ: ಪಟ್ಟಿಯಲ್ಲಿದ್ದ ಫೈಲಿನ ಹೆಸರಿನ ಮೊದಲ ಅಕ್ಷರವನ್ನು ಒಂದು ಗುರುತಿನಿಂದ ಬದಲಿಸಿ, ಅದು ಹಿಡಿದಿದ್ದ ಜಾಗ ಖಾಲಿ ಎಂದು ಬರೆದುಕೊಳ್ಳುವುದು. ಒಳಗಿನ ಬರಹ ಇದ್ದಲ್ಲೇ ಇರುತ್ತಿತ್ತು. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ಜಮೀನು ಎಲ್ಲಿಗೂ ಹೋಗುವುದಿಲ್ಲ, ಇನ್ನೊಬ್ಬರು ಬಂದು ಉಳುವವರೆಗೆ ಹಳೆಯ ಬೆಳೆಯ ಕೂಳೆ ಅಲ್ಲೇ ಇರುತ್ತದೆ; ಅದೇ ರೀತಿ. ಈ ಸಂಗತಿಯ ಮೇಲೆಯೇ ಪೀಟರ್ ನಾರ್ಟನ್ 1982ರಲ್ಲಿ ತಮ್ಮ ಹೆಸರಿನ ಉಪಕರಣವನ್ನು ಕಟ್ಟಿದರು. 1991ರಲ್ಲಿ ಬಂದ ಎಂಎಸ್-ಡಾಸ್ 5ರಲ್ಲಿ ಅನ್‌ಡಿಲೀಟ್ ಎಂಬ ಆಜ್ಞೆ ವ್ಯವಸ್ಥೆಯ ಭಾಗವೇ ಆಯಿತು. 1995ರ ವಿಂಡೋಸ್ ರೀಸೈಕಲ್ ಬಿನ್ ತಂದು, ತಪ್ಪು ಮಾಡಿದವರಿಗೆ ಎರಡನೆಯ ಅವಕಾಶವನ್ನು ಕಣ್ಣೆದುರೇ ಇಟ್ಟಿತು. ಇವೆಲ್ಲ ನಿಜವಾದ ಉಪಕಾರಗಳೇ. ಆದರೆ 1980ರ ದಶಕದಲ್ಲಿ, ಲೋಕವೆಲ್ಲ ಮಾತಾಡಿಕೊಂಡ ದೊಡ್ಡ ಮೇಲ್ ಮರುಗಳಿಕೆಯೊಂದು ನಡೆದದ್ದು ಈ ದಾರಿಯಲ್ಲಲ್ಲ. 1986ರ ಇರಾನ್-ಕಾಂಟ್ರಾ ಹಗರಣದಲ್ಲಿ ಅಮೆರಿಕದ ಶ್ವೇತಭವನದ ಆಲಿವರ್ ನಾರ್ತ್ ಮತ್ತು ಜಾನ್ ಪಾಯಿಂಡೆಕ್ಸ್‌ಟರ್ ತಮ್ಮ ಸಂದೇಶಗಳನ್ನು ಅಳಿಸಿ ಹಾಕಿದ್ದರು. ತನಿಖೆಯವರಿಗೆ ಅವು ಸಿಕ್ಕಿದ್ದು ಬ್ಯಾಕಪ್ ಟೇಪುಗಳಲ್ಲಿ. ಯಾರೋ ಸಿಬ್ಬಂದಿ ದಿನನಿತ್ಯದ ಕೆಲಸವೆಂದು ತೆಗೆದಿಟ್ಟ ಪ್ರತಿಯೇ ಅಲ್ಲಿ ಸಾಕ್ಷಿ ಹೇಳಿತು.

ನಮ್ಮ ಕಡೆಗೆ ಮೇಲ್ ಬಂದ ಬಗೆಯನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಪ್ರತಿ ಯಾರ ಬಳಿ ಇರುತ್ತದೆ ಎಂಬುದು ಅದರಿಂದಲೇ ನಿರ್ಧಾರವಾಯಿತು. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆಗ ಮೇಲ್ ಸಂಶೋಧಕರ ಸೊತ್ತು. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್. ಟೆಲಿಫೋನ್ ತಂತಿಯಲ್ಲಿ ನಿಮಿಷದ ಲೆಕ್ಕಕ್ಕೆ ದುಡ್ಡು ತೆರುತ್ತಿದ್ದ ಕಾಲ ಅದು. ಹಾಗಾಗಿ ಪಾಪ್ ಎಂಬ ಪದ್ಧತಿ ಮನೆಗಳಿಗೆ ಹೊಂದಿಕೊಂಡಿತು: ಮೇಲ್‌ಗಳನ್ನು ಒಮ್ಮೆಗೇ ಇಳಿಸಿಕೊಂಡು, ಸಂಪರ್ಕ ಕಡಿದು, ಆಮೇಲೆ ನಿಧಾನಕ್ಕೆ ಓದುವುದು. ಸಾಮಾನ್ಯವಾಗಿ ಸರ್ವರ್‌ನಲ್ಲಿದ್ದ ಪ್ರತಿ ಅಳಿದು, ಮನೆಯ ಹಾರ್ಡ್ ಡಿಸ್ಕಿನಲ್ಲಿದ್ದದ್ದೇ ಏಕೈಕ ಪ್ರತಿಯಾಗುತ್ತಿತ್ತು. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದ ಮೇಲೆ ಎದುರು ಗಾಳಿ ಬೀಸಿತು. ಅಲ್ಲಿಂದ ಮೇಲ್ ಕಂಪನಿಯ ಯಂತ್ರದಲ್ಲಿ ಉಳಿಯತೊಡಗಿತು, ನಮ್ಮ ಪಾಲಿಗೆ ಒಂದು ಕಿಟಕಿ ಮಾತ್ರ ಬಂತು.

ಮನೆಯ ಡಿಸ್ಕಿನಲ್ಲಿ ಮೇಲ್ ಉಳಿಯುತ್ತಿದ್ದ ಆ ವರ್ಷಗಳೇ ಮರುಗಳಿಕೆಯ ಸಮೃದ್ಧ ಕಾಲ. ಒಂದೊಂದು ಮೇಲ್ ಒಂದೊಂದು ಫೈಲಾಗಿರಲಿಲ್ಲ. ಒಂದು ಫೋಲ್ಡರಿನ ಅಷ್ಟೂ ಮೇಲ್ ಒಂದೇ ದೊಡ್ಡ ಫೈಲಿನಲ್ಲಿ ಸಾಲಾಗಿ ಕೂತಿರುತ್ತಿದ್ದವು. ನಡುವಿನ ಒಂದನ್ನು ನಿಜವಾಗಿ ಕಿತ್ತುಹಾಕಬೇಕಾದರೆ ಇಡೀ ಫೈಲನ್ನು ಮತ್ತೆ ಬರೆಯಬೇಕು. ಅದು ತಡವಾಗುವ ಕೆಲಸವಾದ್ದರಿಂದ ಪ್ರೋಗ್ರಾಮುಗಳು ‘ಇದು ಅಳಿದಿದೆ’ ಎಂದು ಗುರುತು ಹಾಕಿ ಸುಮ್ಮನಾಗುತ್ತಿದ್ದವು. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಡಿಬಿಎಕ್ಸ್ ಫೈಲುಗಳಲ್ಲಿ ಡಿಲೀಟ್ ಆದ ಮೇಲ್ ‘ಕಾಂಪ್ಯಾಕ್ಟ್’ ಮಾಡುವವರೆಗೂ ಒಳಗೇ ಇರುತ್ತಿತ್ತು. ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಬಂದ ಮೇಲೆ ಕಾಂಪ್ಯಾಕ್ಟ್ ಮಾಡುವಾಗ ಹಳೆಯ ಫೈಲಿನ ಪ್ರತಿಯೊಂದು ರೀಸೈಕಲ್ ಬಿನ್‌ಗೂ ಬೀಳುತ್ತಿತ್ತು. ಇದನ್ನು ತಿಳಿಯದೆ ಬಿನ್ ಖಾಲಿ ಮಾಡಿದವರು ತಮ್ಮ ಕೊನೆಯ ಆಸರೆಯನ್ನೂ ಕಳೆದುಕೊಂಡರು. ದೊಡ್ಡ ಔಟ್‌ಲುಕ್‌ನ ಪಿಎಸ್‌ಟಿ ಫೈಲಿಗೆ 2 ಜಿಬಿ ಮಿತಿಯಿತ್ತು. ಅದನ್ನು ದಾಟಿದರೆ ಫೈಲೇ ಕೆಡುತ್ತಿತ್ತು. 2003ರ ಆವೃತ್ತಿ ಹೊಸ ವಿನ್ಯಾಸದಿಂದ ಆ ಮಿತಿಯನ್ನು ತೆಗೆಯಿತು. ಇಂದಿಗೂ ಬಳಕೆಯಲ್ಲಿರುವ ಥಂಡರ್‌ಬರ್ಡ್ 2004ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಹೊರತಂದಿತು, ಮತ್ತು ಅದರ ಎಂಬಾಕ್ಸ್ ಫೈಲು ಇವೆಲ್ಲಕ್ಕಿಂತ ಪಾರದರ್ಶಕ. ಅದನ್ನು ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ಪ್ರತಿ ಮೇಲ್‌ನ ತಲೆಯಲ್ಲಿ ಎಕ್ಸ್-ಮೊಜಿಲ್ಲಾ-ಸ್ಟೇಟಸ್ ಎಂಬ ಸಾಲಿರುತ್ತದೆ. ಓದಿದ ಮೇಲ್‌ಗೆ 0001, ಓದಿ ಅಳಿಸಿದ್ದಕ್ಕೆ 0009. ಪ್ರೋಗ್ರಾಮ್ ಮುಚ್ಚಿ, ಫೈಲಿನ ಪ್ರತಿ ತೆಗೆದಿಟ್ಟುಕೊಂಡು, 9ನ್ನು 1 ಮಾಡಿ, ಜೊತೆಗಿರುವ ಎಂಎಸ್‌ಎಫ್ ಸೂಚಿಯನ್ನು ತೆಗೆದುಹಾಕಿದರೆ ಮೇಲ್ ಮತ್ತೆ ಪಟ್ಟಿಗೆ ಬರುತ್ತದೆ. ಇನ್‌ಬಾಕ್ಸಿನಿಂದ ಟ್ರ್ಯಾಶ್‌ಗೆ ಹೋದ ಮೇಲ್‌ನ ಮೂಲ ಇನ್‌ಬಾಕ್ಸ್ ಫೈಲಿನಲ್ಲೇ ಉಳಿದಿರುವುದರಿಂದ, ಟ್ರ್ಯಾಶ್ ಖಾಲಿ ಮಾಡಿದ ಮೇಲೂ ಈ ದಾರಿ ತೆರೆದಿರಬಹುದು. ಹಣ ಕೊಟ್ಟು ಕೊಳ್ಳುವ ಎಷ್ಟೋ ಉಪಕರಣಗಳ ಒಳಗುಟ್ಟು ಇದಕ್ಕಿಂತ ತುಂಬಾ ದೊಡ್ಡದಲ್ಲ. ಕಾಂಪ್ಯಾಕ್ಟ್ ಆಗುವ ಮುಂಚೆ ಮಾತ್ರ ಇದು ಸಾಧ್ಯ, ಮತ್ತು ಹೊಸ ಆವೃತ್ತಿಗಳು ಉಳಿಸಬಹುದಾದ ಜಾಗ ಹೆಚ್ಚಾಯಿತೆಂದರೆ ತಾವೇ ಕಾಂಪ್ಯಾಕ್ಟ್ ಮಾಡುತ್ತವೆ.

ಫೈಲೇ ಹೋಗಿದ್ದರೂ ಡಿಸ್ಕನ್ನು ಜಾಲಾಡಿ ತುಣುಕುಗಳನ್ನು ಹೆಕ್ಕುವ ಉಪಕರಣಗಳಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಇವೆ, ಮತ್ತು ಅವು ಸುಳ್ಳಲ್ಲ. ಕ್ರಿಸ್ಟೋಫ್ ಗ್ರೆನಿಯೆ ಅವರ ಫೋಟೋರೆಕ್ ಉಚಿತವಾಗಿಯೇ ಸಿಗುತ್ತದೆ. ಹಾರ್ಡ್ ಡಿಸ್ಕುಗಳ ಕಾಲದಲ್ಲಿ ಈ ಬಗೆಯ ಶೋಧ ಎಷ್ಟು ಫಲ ಕೊಡುತ್ತಿತ್ತು ಎಂಬುದಕ್ಕೆ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 2003ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. ಅವರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 158 ಡಿಸ್ಕು ಕೊಂಡರು; ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಫಾರ್ಮ್ಯಾಟ್ ಹೊಡೆಸಿ ಮಾರಿದ ಡಿಸ್ಕುಗಳಲ್ಲೂ ಹಿಂದಿನ ಮಾಲೀಕರ ದಾಖಲೆಗಳು ಸಿಕ್ಕವು. ಆದರೆ ಆ ಫಲಿತಾಂಶವನ್ನು ಇಂದಿನ ಲ್ಯಾಪ್‌ಟಾಪಿಗೆ ಅನ್ವಯಿಸಿ ಮಾತಾಡುವುದು ಜನರಿಗೆ ಸುಳ್ಳು ಆಸೆ ಹುಟ್ಟಿಸಿದಂತೆ. ಈಗಿನ ಯಂತ್ರಗಳಲ್ಲಿರುವ ಎಸ್‌ಎಸ್‌ಡಿಗೆ ಹಳೆಯ ಬರಹದ ಮೇಲೆಯೇ ಹೊಸದನ್ನು ಬರೆಯಲಾಗುವುದಿಲ್ಲ, ಮೊದಲು ಜಾಗವನ್ನು ತೊಳೆದಿಟ್ಟುಕೊಳ್ಳಬೇಕು. ಅದಕ್ಕಾಗಿ ಬಂದದ್ದು ಟ್ರಿಮ್ ಎಂಬ ಆಜ್ಞೆ. 2009ರ ವಿಂಡೋಸ್ 7ರಿಂದ ಅದು ವ್ಯವಸ್ಥೆಯಲ್ಲೇ ಇದೆ. ಫೈಲು ಅಳಿಸಿದೊಡನೆ ‘ಈ ಜಾಗ ಬೇಡ’ ಎಂಬ ಸುದ್ದಿ ಡಿಸ್ಕಿಗೆ ಹೋಗುತ್ತದೆ, ಬಿಡುವಾದಾಗ ಅದು ತಾನಾಗಿಯೇ ತೊಳೆದುಬಿಡುತ್ತದೆ. ಆಸ್ಟ್ರೇಲಿಯಾದ ಗ್ರೇಮ್ ಬೆಲ್ ಮತ್ತು ರಿಚರ್ಡ್ ಬಾಡಿಂಗ್ಟನ್ 2010ರಲ್ಲೇ, ಎಸ್‌ಎಸ್‌ಡಿಯಿಂದ ಅಪರಾಧ ತನಿಖೆಯ ಪರಿಚಿತ ಮರುಗಳಿಕೆ ಪದ್ಧತಿಗಳೇ ಕೊನೆಯಾಗಬಹುದೇ ಎಂಬ ಪ್ರಶ್ನೆ ಎತ್ತಿದ್ದರು. ಪ್ರಯೋಗಾಲಯದವರಿಗೇ ಕಷ್ಟವಾದದ್ದನ್ನು ಮನೆಯ ಸಾಫ್ಟ್‌ವೇರಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಇನ್ನು ಎರಡನೆಯ ಕಾರಣ, ಅಂದರೆ ಪ್ರತಿ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಜಾಗ ಕೊಟ್ಟಾಗ ಮೇಲ್ ಅಳಿಸುವ ಅಗತ್ಯವೇ ಮುಗಿಯಿತು ಎಂಬ ಭಾವನೆ ಹುಟ್ಟಿತು. ಇಂದು ಅಲ್ಲಿ ಡಿಲೀಟ್ ಆದ ಮೇಲ್ ಟ್ರ್ಯಾಶ್‌ನಲ್ಲಿ ಇರುವುದು 30 ದಿನ. ಆ ಗಡುವನ್ನು ಗೊತ್ತುಮಾಡಿದ್ದು ನಾವಲ್ಲ, ಬದಲಿಸುವ ಅಧಿಕಾರವೂ ನಮಗಿಲ್ಲ. ದೊಡ್ಡ ಕಂಪನಿ ನಮಗಿಂತ ಚೆನ್ನಾಗಿ ಪ್ರತಿ ಕಾಯುತ್ತದೆ ಎಂಬ ವಾದದಲ್ಲಿ ಹುರುಳಿದೆ. 2011ರ ಫೆಬ್ರವರಿ ಕೊನೆಯಲ್ಲಿ ಸಾಫ್ಟ್‌ವೇರ್ ದೋಷದಿಂದ ಜಿಮೇಲ್‌ನ ಸುಮಾರು 0.02 ಶೇಕಡಾ ಖಾತೆಗಳ ಮೇಲ್‌ಗಳು ಮಾಯವಾದವು. ಬೇರೆ ಬೇರೆ ಕಟ್ಟಡಗಳಲ್ಲಿದ್ದ ಪ್ರತಿಗಳಿಗೂ ಅದೇ ದೋಷ ತಟ್ಟಿತ್ತು. ಕೊನೆಗೆ ಅವು ಮರಳಿದ್ದು ಜಾಲದಿಂದ ಹೊರಗಿಟ್ಟಿದ್ದ ಟೇಪಿನಿಂದ. ಇದು ಆ ವಾದಕ್ಕೆ ಬೆಂಬಲವೂ ಹೌದು, ಉತ್ತರವೂ ಹೌದು: ಜೋಡಿಕೊಂಡೇ ಇರುವ ಪ್ರತಿಗಳು ಒಟ್ಟಿಗೇ ಹೋಗುತ್ತವೆ, ಬೇರ್ಪಡಿಸಿ ಇಟ್ಟದ್ದು ಉಳಿಯುತ್ತದೆ. ಕಂಪನಿ ತನ್ನ ತಪ್ಪಿಗೆ ಟೇಪು ತೆಗೆಯಿತು. ನೀವೇ ಡಿಲೀಟ್ ಒತ್ತಿ ಗಡುವು ಮೀರಿಸಿದ್ದರೆ ನಿಮಗೋಸ್ಕರ ಅದನ್ನು ತೆಗೆಯುವುದಿಲ್ಲ. ಮನೆಯ ಕಂಪ್ಯೂಟರ್ ಮತ್ತು ಮೊಬೈಲ್ ಎರಡರಲ್ಲೂ ಒಂದೇ ಖಾತೆ ಇಟ್ಟವರು ಎರಡು ಪ್ರತಿ ಇದೆಯೆಂದು ತಿಳಿಯುತ್ತಾರೆ. ಆದರೆ ಮೇಲ್ ಸರ್ವರ್‌ನಲ್ಲೇ ಉಳಿಯುವ ಐಮ್ಯಾಪ್ ಪದ್ಧತಿಯಲ್ಲಿ ಮಗು ಮೊಬೈಲಿನಲ್ಲಿ ಅಳಿಸಿದ ಮೇಲ್ ಮುಂದಿನ ಸಿಂಕ್‌ನಲ್ಲಿ ಕಂಪ್ಯೂಟರಿನಿಂದಲೂ ಹೋಗುತ್ತದೆ. ಸಿಂಕ್ ಮಾಡುವುದೇ ಬೇರೆ, ಬ್ಯಾಕಪ್ ಮಾಡುವುದೇ ಬೇರೆ. ಸಾಲದ್ದಕ್ಕೆ, ಎರಡು ವರ್ಷ ಬಳಸದ ಖಾತೆಗಳನ್ನೇ ತೆಗೆದುಹಾಕುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ತೀರಿಕೊಂಡ ಹಿರಿಯರ ಖಾತೆಯಲ್ಲಿ ಮನೆಯ ವ್ಯವಹಾರವೆಲ್ಲ ಇದ್ದ ಕುಟುಂಬಗಳು ಇದನ್ನು ಗಮನಿಸಲೇಬೇಕು.

ಎಲ್ಲವನ್ನೂ ಕಾಪಿಟ್ಟುಕೊಳ್ಳುವುದು ಅಪಾಯವಲ್ಲವೇ ಎಂಬುದು ಇನ್ನೊಂದು ಆಕ್ಷೇಪ, ನನ್ನ ಮಟ್ಟಿಗೆ ಅತ್ಯಂತ ಗಂಭೀರವಾದದ್ದು. ಅಳಿಸುವ ಹಕ್ಕೂ ಹಕ್ಕೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ಒಪ್ಪಿದೆ. ಗಾರ್ಫಿಂಕೆಲ್ ಕೊಂಡ ಡಿಸ್ಕುಗಳ ಹಿಂದಿನ ಒಡೆಯರಿಗೆ ಟ್ರಿಮ್ ಇದ್ದಿದ್ದರೆ ಒಳ್ಳೆಯದೇ ಆಗುತ್ತಿತ್ತು. ಆದ್ದರಿಂದ ಹಳೆಯ ಸಡಿಲ ಅಳಿಸುವಿಕೆಯೇ ಚೆನ್ನಾಗಿತ್ತೆಂದು ಕೊರಗಬೇಕಿಲ್ಲ. ಅಳಿಸಿದರೆ ಅಳಿಯಲಿ, ಉಳಿಸಿದರೆ ಉಳಿಯಲಿ. ಎರಡನ್ನೂ ಮನೆಯವರೇ ತೀರ್ಮಾನಿಸುವಂತಿರಲಿ. ಆಕಸ್ಮಿಕಕ್ಕೆ ಮದ್ದು ಬೀಗ ಹಾಕಿದ ಕಪಾಟಿನಲ್ಲಿಟ್ಟ, ಪಾಸ್‌ವರ್ಡ್ ಇರುವ ಒಂದು ಎಕ್ಸ್‌ಟರ್ನಲ್ ಡಿಸ್ಕ್. ಅದರಲ್ಲಿ ಇರಬೇಕಾದದ್ದು ಮೇಲ್‌ನ ಮೂಲ ರೂಪವೇ ಹೊರತು ಪ್ರಿಂಟ್ ತೆಗೆದ ಚಿತ್ರವಲ್ಲ, ಏಕೆಂದರೆ ಯಾವಾಗ, ಯಾರಿಂದ, ಯಾವ ಸರ್ವರ್ ಮೂಲಕ ಬಂತು ಎಂಬ ವಿವರ ತಲೆಸಾಲುಗಳಲ್ಲಿ ಮಾತ್ರ ಪೂರ್ತಿಯಾಗಿ ಇರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಜಮೀನಿನ ತಕರಾರಿನಲ್ಲಿ ಮೇಲ್ ಹಾಜರುಪಡಿಸುವವರಿಗೆ ಈ ವ್ಯತ್ಯಾಸ ದೊಡ್ಡದು.

ಕನ್ನಡಿಗರನ್ನು ನೇರವಾಗಿ ತಟ್ಟುವ ಇನ್ನೊಂದು ತೊಡಕಿದೆ. ಡಿಸ್ಕಿನಲ್ಲಿ ತುಣುಕು ಹೆಕ್ಕುವ ಉಪಕರಣಗಳಲ್ಲಿ ಪದ ಕೊಟ್ಟು ಹುಡುಕುವುದು ರೂಢಿ. ‘ಬಾಗೂರು’ ಎಂದು ಟೈಪ್ ಮಾಡಿ ಹುಡುಕಿ ನೋಡಿ; ಮೇಲ್ ಅಲ್ಲೇ ಇದ್ದರೂ ಸಿಗದಿರಬಹುದು. ಯೂನಿಕೋಡ್‌ನಲ್ಲಿ ಈ ಪದಕ್ಕೆ ಆರು ಸಂಕೇತಗಳು, ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 18 ಬೈಟು. ಮೇಲ್‌ನಲ್ಲಿ ಕಳಿಸುವಾಗ ಇದನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ವೇಷಕ್ಕೆ ಬದಲಿಸುವುದು ಸಾಮಾನ್ಯ: ಕೋಟೆಡ್-ಪ್ರಿಂಟಬಲ್ ಆದರೆ 54 ಚಿಹ್ನೆ, ಬೇಸ್-64 ಆದರೆ 24. ಬೇಸ್-64ರಲ್ಲಿ ಹಿಂದೆ ಎಷ್ಟು ಬೈಟು ಕಳೆದಿವೆ ಎಂಬುದರ ಮೇಲೆ ಒಂದೇ ಪದ ಮೂರು ಬೇರೆ ಬೇರೆ ರೂಪ ತಾಳುತ್ತದೆ. ಯೂನಿಕೋಡ್‌ಗೆ ಮುಂಚಿನ ಮೇಲ್‌ಗಳ ಪಾಡು ಇನ್ನೂ ಕಷ್ಟ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಅವುಗಳ ಆಗಿನ ಫಾಂಟುಗಳಲ್ಲಿ ಬರೆದದ್ದು ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಅಂಗಡಿಯವರು ಅದನ್ನು ಕೆಟ್ಟ ಫೈಲೆಂದು ಎಸೆಯುತ್ತಾರೆ, ಮನೆಯವರು ಹೌದೆಂದುಕೊಳ್ಳುತ್ತಾರೆ. ಅದು ಕೆಟ್ಟದ್ದಲ್ಲ, ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಓದಬಹುದಾದ ಕನ್ನಡವೇ. ಸದ್ಯಕ್ಕೆ ಇರುವ ಸರಳ ದಾರಿಯೆಂದರೆ, ಹೆಕ್ಕಿದ ಎಂಬಾಕ್ಸ್ ಫೈಲನ್ನು ಥಂಡರ್‌ಬರ್ಡ್‌ನ ಲೋಕಲ್ ಫೋಲ್ಡರಿಗೆ ಸೇರಿಸಿ ಅಲ್ಲಿ ಹುಡುಕುವುದು. ಅದು ವೇಷ ಬಿಚ್ಚಿ ಓದಬಲ್ಲುದು.

ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು. ಮೇಲ್ ತಪ್ಪಿ ಅಳಿದಿದೆ ಎಂದು ತಿಳಿದೊಡನೆ ಮೊದಲು ವೆಬ್‌ಮೇಲ್‌ನ ಟ್ರ್ಯಾಶ್ ನೋಡಿ. ಅಲ್ಲಿಲ್ಲದಿದ್ದರೆ ಮನೆಯ ಕಂಪ್ಯೂಟರಿನ ನೆಟ್ ತೆಗೆದು, ಹೊಸದೇನನ್ನೂ ಇನ್‌ಸ್ಟಾಲ್ ಮಾಡದೆ, ಮೇಲ್ ಫೋಲ್ಡರನ್ನು ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಂಡು ಮುಂದುವರಿಯಿರಿ. ಏನನ್ನೂ ಕಳೆದುಕೊಳ್ಳದವರು ಗೂಗಲ್ ಟೇಕ್‌ಔಟ್‌ನಿಂದ ತಮ್ಮ ಜಿಮೇಲನ್ನು ಎಂಬಾಕ್ಸ್ ರೂಪದಲ್ಲಿ ಈಗಲೇ ಇಳಿಸಿಕೊಳ್ಳಿ. 2013ರ ಡಿಸೆಂಬರಿನಿಂದ ಈ ಸೌಲಭ್ಯ ಉಚಿತವಾಗಿದೆ. ಕನ್ನಡ ತಂತ್ರಾಂಶ ಕಟ್ಟುವವರು, ಅದರಲ್ಲೂ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು, ಎಂಬಾಕ್ಸ್ ಓದಿ, ಬೇಸ್-64 ಬಿಚ್ಚಿ, ಹಳೆಯ ನುಡಿ-ಬರಹ ಫಾಂಟುಗಳನ್ನು ಗುರುತಿಸಿ, ಕನ್ನಡ ಪದ ಕೊಟ್ಟರೆ ಹುಡುಕಿಕೊಡುವ ಒಂದು ಮುಕ್ತ ಉಪಕರಣವನ್ನು ದಯವಿಟ್ಟು ಕೈಗೆತ್ತಿಕೊಳ್ಳಿ. ಆ ಫಾಂಟುಗಳ ಕಾಲದ ಹಾರ್ಡ್ ಡಿಸ್ಕುಗಳಿಗೆ ವಯಸ್ಸಾಗಿದೆ, ಅವು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.